ದಸ್ತಗೀರ್ ಸಾಬರ ನಾಲ್ಕು ಕಾಲಿನ ಪಾಠ

ದಸ್ತಗೀರ್ ಸಾಬರು ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಚನ್ನಗಿರಿಯ ಸಂತೆ ಮೈದಾನದ ಹಿಂದೆ ಒಂದು ಬೇವಿನ ಮರದ ಕೆಳಗೆ ಗೇಣೆತ್ತರದ ಮಣೆ ಹಾಕಿಕೊಂಡು ಕೂತಿರುವರು. ಎದುರಿಗೆ ಹೋಗಿ ನಿಂತರೆ ಅವರ ಕಣ್ಣು ನಮ್ಮ ಚಪ್ಪಲಿಯ ಮೇಲೆ. "ಏನ್ ಬೆಲ್ ಮೇಷ್ಟ್ರೇ, ಬಲಗಾಲಿನ ಹಿಮ್ಮಡಿ ಮತ್ತೆ ಸವ್ದೈತಲ್ಲ, ಒಂದೇ ಕಡೆ ಭಾರ ಬಿಡ್ತೀರಿ ನೀವು" ಎಂದ ಮೇಲೆಯೇ ತಲೆ ಎತ್ತುವರು. ನಮ್ಮ ಮದುವೆಗೆ ಬಂದು ಊಟ ಮಾಡಿ ಹೋದವರು, ವಾರದ ಮೇಲೆ ಪೇಟೆಯಲ್ಲಿ ನನ್ನ ಹೆಂಡತಿ ಶೈಲಾ ಎದುರು ನಿಂತು ಮಾತಾಡಿಸಿದರೆ ಯಾರೆಂದು ಗೊತ್ತಾಗದೆ ಒದ್ದಾಡಿದರು. ಕೊನೆಗೆ ಅವಳ ಕಾಲಿನ ಹೆಬ್ಬೆರಳು ನೋಡಿ "ಓ, ನೀವಾ ತಾಯಿ" ಅಂದರು.

ಅವರ ಕಸುಬು ಎತ್ತಿನ ಗೊರಸಿಗೆ ಲಾಳ ಹೊಡೆಯುವುದು. ಬೇರೆಯವರು ಎತ್ತಿಗೆ ಹಗ್ಗ ಹಾಕಿ, ಕೆಡವಿ, ನಾಲ್ಕೂ ಕಾಲು ಸೇರಿಸಿ ಕಟ್ಟಿ ಲಾಳ ಹೊಡೆಯುತ್ತಾರೆ. ಸಾಬರು ಕೆಡವುತ್ತಿರಲಿಲ್ಲ. ಎಳೆಗರು ಇದ್ದಾಗಿನಿಂದಲೇ ಅದರ ಕಾಲನ್ನು ದಿನವೂ ಮುಟ್ಟಿ, ತಟ್ಟಿ, ಎತ್ತಿ ಇಳಿಸಿ ಅಭ್ಯಾಸ ಮಾಡಿಸುತ್ತಿದ್ದರು. ಅದು ದೊಡ್ಡದಾಗಿ ಲಾಳಕ್ಕೆ ಬಂದ ದಿನ ತಾನೇ ಕಾಲೆತ್ತಿ ಅವರ ತೊಡೆಯ ಮೇಲೆ ಇಡುತ್ತಿತ್ತು. "ಕೆಡವಾಕೆ ಪೈಲ್ವಾನ ಸಾಕು. ಕಾಲು ಕೇಳಿ ಇಸ್ಕೊಳ್ಳಾಕೆ ದಸ್ತಗೀರನೇ ಬೇಕು" ಎಂದು ಎಡಗಾಲು ಮುಂದೆ ಚಾಚಿ ತೋರಿಸುವರು. ಅದರಲ್ಲಿ ಎರಡು ಬೆರಳು ಇರಲಿಲ್ಲ. "ಇವೆರಡು ನ್ಯಾಮತಿ ಊರಿನ ಒಂದು ಎತ್ತಿನ ಹತ್ರ ಅವೆ. ಅವತ್ತು ನಾನೂ ಗಡಿಬಿಡಿ ಮಾಡಿದ್ದೆ."

ಟ್ರ್ಯಾಕ್ಟರು ಬಂದು ಎತ್ತು ಕಡಿಮೆಯಾದ ಮೇಲೂ ಅವರು ದಿನಾ ಬಂದು ಆ ಮಣೆಯ ಮೇಲೆ ಕೂರುವುದನ್ನು ಬಿಡಲಿಲ್ಲ. ನನ್ನ ನಾಯಿಮರಿ ಅವರ ಕೈಗೆ ಸಿಕ್ಕಿದ್ದು ಅಂಥ ಕೆಲಸವಿಲ್ಲದ ದಿನಗಳಲ್ಲಿ.

ನಾನು ಒಂದು ಹೈಸ್ಕೂಲಿನಲ್ಲಿ ಅಟೆಂಡರು. ಗಂಟೆ ಹೊಡೆಯುವುದು ನನ್ನ ಕೆಲಸ, ಅದಕ್ಕೇ ಸಾಬರ ಬಾಯಲ್ಲಿ ಬೆಲ್ ಮೇಷ್ಟ್ರು. ನನ್ನನ್ನು ಮೂರನೇ ಕ್ಲಾಸಿನಲ್ಲಿ "ಇವನ ತಲೆಗೆ ಏನೂ ಹತ್ತಲ್ಲ" ಎಂದು ಶಾಲೆ ಬಿಡಿಸಿದ್ದರು. ಮೂವತ್ತೊಂದನೇ ವಯಸ್ಸಿಗೆ ಹತ್ತನೇ ಕ್ಲಾಸು ಕಟ್ಟಿ ಪಾಸು ಮಾಡಿದೆ. ಒಂದು ದಿನ ಕೆರೆಬಿಳಚಿಯಿಂದ ಬೈಕಿನಲ್ಲಿ ಬರುವಾಗ ಸೂಳೆಕೆರೆಯ ನೀರಿನ ಚಾನಲ್ ಪಕ್ಕ ಗೊಬ್ಬರದ ಚೀಲವೊಂದು ತಾನಾಗಿಯೇ ಉರುಳಾಡುತ್ತಿತ್ತು. ಬಿಚ್ಚಿದರೆ ಕಂದು ಬಣ್ಣದ ನಾಯಿಮರಿ. ಚೀಲದಿಂದ ಹೊರಬಿದ್ದದ್ದೇ ನನ್ನ ಪ್ಯಾಂಟು ಹಿಡಿದು ಜಗ್ಗಿತು, ಗಾಡಿಯ ಸುತ್ತ ಏಳು ಸುತ್ತು ಓಡಿತು, ಚಾನಲ್ಲಿಗೆ ಬಿತ್ತು, ತೆಗೆದೆ, ಮತ್ತೆ ಬಿತ್ತು. ಮನೆಗೆ ತಂದೆ. ಶೈಲಾ ಅದಕ್ಕೆ ಪಟಾಕಿ ಎಂದು ಹೆಸರಿಟ್ಟಳು.

ನಾವಿದ್ದದ್ದು ಬಾಡಿಗೆ ಮನೆ. ಓನರ್ ಚನ್ನಬಸಮ್ಮನವರು ಮುಂದಿನ ಭಾಗದಲ್ಲಿದ್ದರು. ಅವರಿಗೆ ಕೆಂಪು ಗಾರೆಯ ನೆಲವೆಂದರೆ ಪ್ರಾಣ. ದಿನಕ್ಕೆ ಎರಡು ಸಲ ತಾವೇ ಒರೆಸುವರು. ನಾವೂ ಅವರ ನಡುಮನೆ ದಾಟಿಯೇ ಹಿಂದಕ್ಕೆ ಹೋಗಬೇಕು. ಪಟಾಕಿ ಮೂರನೇ ದಿನ ಬಚ್ಚಲ ಕೆಸರು ತುಳಿದು, ನಡುಮನೆ ತುಂಬ ಹೆಜ್ಜೆಯ ಹೂವು ಬಿಡಿಸಿ, ದೇವರ ಕೋಣೆಯ ಹೊಸ್ತಿಲಿನಲ್ಲಿ ಕೂತು ಆಕಳಿಸಿತು.

"ಲೇ ತಮ್ಮಾ, ನಾನು ನಾಳೆ ಜಗಳೂರಿಗೆ ತಂಗಿ ಮನೀಗೆ ಹೊಂಟೀನಿ. ಹದಿನೈದು ದಿನಕ್ಕೆ ಬರ್ತೀನಿ. ಅಷ್ಟ್ರಾಗೆ ಅದಕ್ಕೆ ಬುದ್ಧಿ ಕಲ್ಸಿದ್ರೆ ಸರಿ. ಇಲ್ಲಾಂದ್ರೆ ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ಟು ಬಾ" ಅಂದರು ಚನ್ನಬಸಮ್ಮ.

ಎಲ್ಲಿಂದ ತಂದೆನೋ ಅಲ್ಲಿ ಎಂದರೆ ಚಾನಲ್ಲು. ತಲೆಗೆ ಹತ್ತಲ್ಲ ಎಂದು ಹೊರಗೆ ಹಾಕಿಸಿಕೊಂಡವನು ನಾನು, ನನ್ನ ಕೈಯಿಂದಲೇ ಇನ್ನೊಂದನ್ನು ಹಾಗೆ ಹಾಕಲಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಕೊರಳ ಪಟ್ಟಿ, ಸೀಟಿ, ಬಿಸ್ಕತ್ತು ತಂದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಸ್ಕೇಲು ಹಿಡಿದು ಗೆರೆ ಹಾಕಿ ಟೈಂಟೇಬಲ್ ಬರೆದೆ: ಮೊದಲ ಪೀರಿಯಡ್ ಕೂರುವುದು, ಎರಡನೇದು ನಿಲ್ಲುವುದು, ಮೂರನೇದು ಕರೆದರೆ ಬರುವುದು, ಮಧ್ಯೆ ಹತ್ತು ನಿಮಿಷ ಬಿಡುವು. ಪಟಾಕಿ ಮೊದಲ ಪೀರಿಯಡ್ಡಿನಲ್ಲಿ ಬಿಸ್ಕತ್ತು ತಿಂದಿತು. ಎರಡನೇದರಲ್ಲಿ ಸೀಟಿ ಕಚ್ಚಿ ಒಡೆಯಿತು. ಮೂರನೇದರಲ್ಲಿ ಟೈಂಟೇಬಲ್ ಹರಿಯಿತು.

"ಬಿಡುವಿನಾಗೆ ಏನೂ ಮಾಡ್ಲಿಲ್ಲ ನೋಡ್ರಿ, ಶಿಸ್ತಿನ ನಾಯಿ" ಅಂದಳು ಶೈಲಾ.

ಹರಿದ ಹಾಳೆ ಜೇಬಿನಲ್ಲಿಟ್ಟುಕೊಂಡು, ಪಟಾಕಿಯನ್ನು ಬಗಲಿಗೆ ಹಾಕಿಕೊಂಡು ಸಾಬರ ಹತ್ತಿರ ಹೋದೆ. ಅವರು ಎಂದಿನಂತೆ ಮೊದಲು ನನ್ನ ಕಾಲು ನೋಡಿದರು. ಆಮೇಲೆ ಪಟಾಕಿಯ ಕಾಲು. ಆಮೇಲೆ ಟೈಂಟೇಬಲ್ ತುಂಡುಗಳನ್ನು ಜೋಡಿಸಿ ತಲೆಕೆಳಗಾಗಿ ಹಿಡಿದು ನೋಡಿದರು. ನಾನೇ ಓದಿ ಹೇಳಿದೆ.

"ಇದರಾಗೆ ಎಲ್ಲಾ ನೀವು ಕೇಳೋದೇ ಐತೆ. ಅದು ನಿಮ್ಮನ್ನ ನಂಬಾಕೆ ಯಾವ ಪೀರಿಯಡ್ ಇಟ್ಟೀರಿ?"

ನಾನು ತುಂಡುಗಳನ್ನು ವಾಪಸ್ಸು ಜೇಬಿಗಿಟ್ಟೆ. "ದಿನಾ ಸಾಯಂಕಾಲ ತಂದು ಬಿಡ್ರಿ. ನೀವು ಆ ಕಡೆ ಹೋಗಿ ಟೀ ಕುಡೀರಿ. ನೀವಿದ್ರೆ ಅದಕ್ಕಿಂತ ನಿಮ್ಮನ್ನ ಸುಮ್ನಿರ್ಸೋದೇ ಕಷ್ಟ" ಅಂದರು.

ನಾನು ಟೀ ಅಂಗಡಿಯಿಂದ ಇಣುಕಿ ನೋಡುತ್ತಿದ್ದೆ. ಮೊದಲ ಮೂರು ದಿನ ಸಾಬರು ಮಣೆಯ ಮೇಲೆ ಸುಮ್ಮನೆ ಕೂತಿದ್ದರು, ಪಟಾಕಿ ಅವರ ಲುಂಗಿ ಹರಿಯುತ್ತಿತ್ತು. ನಾಲ್ಕನೇ ದಿನ ಅದರ ಭುಜ ಮುಟ್ಟಿದರು. ಅಲ್ಲಿಂದ ಕೈಯನ್ನು ನಿಧಾನ ಕೆಳಗಿಳಿಸಿ, ಪಾದದ ಮೇಲೆ ಎರಡು ಸಲ ಬೆರಳು ತಟ್ಟಿ, ಕಾದರು. ಎತ್ತಿದರೆ ಒಂದು ಚೂರು ಒಣರೊಟ್ಟಿ. ಎತ್ತದಿದ್ದರೆ ಬೈಗುಳವಿಲ್ಲ, ಮತ್ತೆ ಭುಜದಿಂದ. ವಾರ ಕಳೆಯುವಷ್ಟರಲ್ಲಿ ಪಟಾಕಿ ಮುಂದಿನ ಬಲಗಾಲು ಕೊಡುತ್ತಿತ್ತು, ಎಡಗಾಲು ಕೊಡುತ್ತಿತ್ತು, ಸೊಂಟ ತಟ್ಟಿದರೆ ತಿರುಗಿ ನಿಂತು ಹಿಂದಿನ ಎರಡನ್ನೂ ಒಂದಾದ ಮೇಲೊಂದು ಕೊಡುತ್ತಿತ್ತು. ನಾಲ್ಕೂ ಮುಗಿದ ಮೇಲೆ ಸಾಬರು ಬೆನ್ನು ಚಪ್ಪರಿಸಿ "ಆಯ್ತು, ಹೋಗಪ್ಪ" ಎನ್ನುವರು. ಆಗ ಅದು ನಿಜವಾದ ಪಟಾಕಿಯ ಹಾಗೆ ಮೈದಾನದ ಆ ತುದಿಗೆ ಸಿಡಿಯುತ್ತಿತ್ತು. ಅಲ್ಲಿಯವರೆಗೆ ಬೇರೂರಿದಂತೆ ನಿಂತಿರುತ್ತಿತ್ತು.

ಚನ್ನಬಸಮ್ಮ ಹೋದ ಹದಿನಾಲ್ಕನೇ ದಿನ ನಾನು ಟೀ ಬಿಟ್ಟು ಮರದ ಕೆಳಗೆ ಓಡಿದೆ.

"ಸಾಬ್ರೇ, ಕೂರಾಕೆ ಯಾವಾಗ ಕಲಿಸ್ತೀರಿ?"

"ಕೂರಾಕೆ ಯಾಕೆ?"

"ವಿಡಿಯೋದಾಗೆ ಎಲ್ಲಾ ನಾಯಿನೂ ಕೂರ್ತಾವೆ."

"ಮೇಷ್ಟ್ರೇ, ಐವತ್ತು ವರ್ಷದಾಗೆ ಒಂದು ಎತ್ತಿಗೂ ನಾನು ಕೂತ್ಕ ಅಂದಿಲ್ಲ. ಕೂತ್ರೆ ಲಾಳ ಹೆಂಗೆ ಹೊಡೀತೀರಿ?"

"ಅದು ನಾಯಿ, ಸಾಬ್ರೇ!"

ಸಾಬರು ಪಟಾಕಿಯನ್ನು ಒಂದು ಗಳಿಗೆ ನೋಡಿದರು. ಆ ವಿಷಯ ಅವರಿಗೆ ಅವತ್ತೇ ಹೊಳೆದ ಹಾಗಿತ್ತು. "ಹೌದಲ್ಲ" ಅಂದರು. ಆಮೇಲೆ, "ಕಾಲು ನಂಬಿ ಕೊಟ್ಟೈತೆ. ಉಳಿದಿದ್ದು ತಾನೇ ಬರ್ತೈತೆ, ಬಿಡ್ರಿ."

ಉಳಿದದ್ದು ಬರಲು ಒಂದು ರಾತ್ರಿ ಬಾಕಿ ಇತ್ತು.

ಮರುದಿನ ಬೆಳಗ್ಗೆ ಚನ್ನಬಸಮ್ಮ ಬಸ್ಸಿಳಿದು ಬಂದರು. ಬಂದವರೇ ಸೀರೆ ಎತ್ತಿ ಕಟ್ಟಿ, ಬಟ್ಟೆ ತಗೊಂಡು ನೆಲ ಒರೆಸಿದರು. ಒರೆಸಿ ಸುಸ್ತಾಗಿ ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತರು. ಹಿಂದೆಯೇ ಮಳೆಯ ಕೆಸರು ಮೆತ್ತಿಕೊಂಡ ಪಟಾಕಿ ಬೀದಿಯಿಂದ ಓಡಿ ಬಂತು. ನಾನು ಹಿಡಿಯಲು ಹೋಗಿ ಜಾರಿದೆ. ಶೈಲಾ ಕಣ್ಣು ಮುಚ್ಚಿಕೊಂಡಳು.

ಪಟಾಕಿಗೆ ನೆಲ ಕಾಣಲಿಲ್ಲ. ಸಾಬರ ಹಾಗೆ ಮಣೆಯ ಮೇಲೆ ಕೂತ ಮನುಷ್ಯರೊಬ್ಬರು ಕಂಡರು. ಹೊಸ್ತಿಲ ಹೊರಗೆ ಗಕ್ಕನೆ ನಿಂತು ಬಲಗಾಲು ಎತ್ತಿತು.

"ಏ, ಏನೋ ಇದು, ಕೈ ಕೊಡ್ತೈತಲ್ಲೋ?" ಚನ್ನಬಸಮ್ಮ ಹಿಂದಕ್ಕೆ ಜರುಗಿದರು. ಕಾಲು ಇಳಿಯಲಿಲ್ಲ. ಪಾದದಲ್ಲಿ ಕೆಸರು ಕಂಡಿದ್ದೇ ಅವರ ಕೈ ತಡೆಯಲಿಲ್ಲ, ಒರೆಸುವ ಬಟ್ಟೆಯಿಂದ ಒರೆಸಿಯೇಬಿಟ್ಟರು. ಪಟಾಕಿ ಎಡಗಾಲು ಕೊಟ್ಟಿತು. ಒರೆಸಿದರು. ಅದು ತಿರುಗಿ, ಬಾಲವನ್ನು ಅವರ ಮುಖಕ್ಕೆ ಹಿಡಿದು ನಿಂತಿತು.

"ಅಯ್ಯೋ, ಮುಕಳಿ ತೋರಿಸ್ತೈತಲ್ಲೋ ನಂಗೆ!"

"ಹಿಂದಿನ ಕಾಲು ಅಮ್ಮಾ, ಹಿಂದಿನ ಕಾಲು ಒರೆಸ್ರಿ" ಎಂದು ನಾನು ಅಂಗಳದಲ್ಲಿ ಬಿದ್ದಲ್ಲಿಂದಲೇ ಕೂಗಿದೆ.

ಅವನ್ನೂ ಒರೆಸಿದರು. ನಾಲ್ಕೂ ಆದ ಮೇಲೂ ಪಟಾಕಿ ಒಳಗೆ ಹೋಗದೆ ಕಾದಿತ್ತು. ನಾನು ಎದ್ದು ಬಂದು ಬೆನ್ನು ಚಪ್ಪರಿಸಿ "ಆಯ್ತು, ಹೋಗಪ್ಪ" ಅಂದೆ. ಕೆಂಪು ನೆಲದ ಮೇಲೆ ಒಂದು ಗುರುತೂ ಬೀಳಲಿಲ್ಲ.

ಚನ್ನಬಸಮ್ಮ ಬಟ್ಟೆ ಹಿಂಡಿದರು. ಆಮೇಲೆ ಒಳಗೆ ಪೇಪರ್ ಓದುತ್ತಿದ್ದ ತಮ್ಮ ಯಜಮಾನರಿಗೆ ಕೇಳುವ ಹಾಗೆ, "ನಲವತ್ತು ವರ್ಷದಿಂದ ಬಡ್ಕಂಡೆ, ಈ ಮನ್ಯಾಗೆ ಒಬ್ರೂ ಕಾಲು ಒರೆಸ್ಕಂಡು ಒಳಗೆ ಬರ್ಲಿಲ್ಲ. ಇದಕ್ಕೆ ಯಾರೋ ಕಲ್ಸಿದ್ದು?" ಅಂದರು.

ಸಾಬರಿಗೆ ಹೋಗಿ ಹೇಳಿದೆ. ಅವರು ನಗಲಿಲ್ಲ. "ಆ ತಾಯಿಗೆ ಹೇಳ್ರಿ, ಮೊದ್ಲು ಭುಜ ಮುಟ್ಬೇಕು. ಒಂದೇ ಸಲ ಕಾಲಿಗೆ ಕೈ ಹಾಕ್ಬಾರ್ದು" ಅಂದರು.

ಮುಂದಿನ ವರ್ಷ ಅವರಿಗೆ ಉಸಿರಿನ ತೊಂದರೆಯಾಗಿ ಹೊನ್ನಾಳಿಯ ಮಗಳ ಮನೆ ಸೇರಿದರು. ನಾನು ಪಟಾಕಿಯನ್ನು ಗಾಡಿಯ ಮುಂದೆ ಕೂರಿಸಿಕೊಂಡು ನೋಡಲು ಹೋದೆ. ಮಂಚದ ಮೇಲೆ ಮಲಗಿದ್ದರು. ಮಲಗಿದ್ದವರಿಗೆ ನನ್ನ ಕಾಲು ಕಾಣಲಿಲ್ಲವೇನೋ, ಅವತ್ತು ಮಾತ್ರ ಮೊದಲು ನನ್ನ ಮುಖ ನೋಡಿದರು. "ಯಾರು?" ಅಂದರು. ಪಟಾಕಿ ಮಂಚದ ಪಟ್ಟಿಯ ಮೇಲೆ ಬಲಗಾಲು ಇಟ್ಟಿತು. "ಓ, ಬೆಲ್ ಮೇಷ್ಟ್ರು" ಅಂದರು. ಎರಡು ಕಾಲು ನೋಡುವಷ್ಟರಲ್ಲಿ ಕೈ ಸೋತಿತು. ಪಟಾಕಿ ತಿರುಗಿ ನಿಂತು ಕಾಯುತ್ತಲೇ ಇತ್ತು.

"ಮಿಕ್ಕಿದ್ದು ನೀವು ನೋಡ್ರಿ" ಅಂದು ಕಣ್ಣು ಮುಚ್ಚಿದರು.

ನಾನು ನೆಲಕ್ಕೆ ಕೂತೆ. ಸೊಂಟ ಮುಟ್ಟಿ, ಕೈ ಇಳಿಸಿ, ಎರಡು ಸಲ ತಟ್ಟಿದೆ. "ಜಲ್ದಿ ಬ್ಯಾಡ" ಅಂದರು ಕಣ್ಣು ಮುಚ್ಚಿಕೊಂಡೇ. ನಾಲ್ಕೂ ಆಯಿತು. ಅವರಾಗಲೇ ನಿದ್ದೆ ಹೋಗಿದ್ದರು. ತಿಂಗಳಾಗುವ ಮೊದಲೇ ತೀರಿಕೊಂಡರು.

ಈಗಲೂ ಮನೆಗೆ ಬಂದವರು ಕೂತರೆ ಪಟಾಕಿ ಹೋಗಿ ಕಾಲು ಕೊಡುತ್ತದೆ. "ಶೇಕ್ ಹ್ಯಾಂಡ್ ಮಾಡ್ತೈತೆ ನೋಡ್ರಿ!" ಎಂದು ಒಂದು ಕಾಲು ಹಿಡಿದು ಕುಲುಕಿ, ಫೋಟೋ ತೆಗೆದುಕೊಂಡು, ತಮ್ಮ ಮಾತಿಗೆ ಹೋಗುತ್ತಾರೆ. ಪಟಾಕಿ ಅಲ್ಲೇ ನಿಂತಿರುತ್ತದೆ. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ಕೂತು, ಭುಜ ಮುಟ್ಟಿ, ಉಳಿದ ಮೂರನ್ನೂ ನೋಡಿ, "ಆಯ್ತು, ಹೋಗಪ್ಪ" ಎನ್ನುತ್ತೇನೆ.