ರೇಸಿನವರ ಊಟ

ಜನರಿಗೆ ಉಣ್ಣಿಸುವುದೆಂದರೆ ಅನ್ನಪೂರ್ಣೇಶ್ವರಿಗೆ ಎಂದೂ ಬ್ಯಾಸರವಿರಲಿಲ್ಲ. ತವರು ಹೊಳೆಆಲೂರು. ಮಲಪ್ರಭೆ ಊರೊಳಗೆ ಹೊಕ್ಕ ವರ್ಷ ಸಾಲಿಯಲ್ಲಿ ಗಂಜಿ ಕೇಂದ್ರ ತೆರೆದಾಗ ಅವ್ವನ ಜೊತೆ ನಿಂತು ಊರಿಗೆಲ್ಲ ಬಡಿಸಿದ ಹುಡುಗಿ ಆಕೆ. ಗಜೇಂದ್ರಗಡದ ಹತ್ತಿ ವ್ಯಾಪಾರಿ ಬಸವಪ್ರಸಾದನ ಕೈಹಿಡಿದು ಬಂದ ಮೇಲೂ ಮಾಲು ತಂದ ರೈತ ಉಣ್ಣದೆ ಹೋದರೆ ಆಕೆಗೆ ಸಮಾಧಾನವಿಲ್ಲ. ಅಂಥ ಹೆಣ್ಣುಮಗಳಿಗೆ ಉಣ್ಣುವ ಬಾಯಿ ಕಂಡು ಹೇಸಿಕೆ ಬಂದದ್ದು ಕಳೆದ ಚಳಿಗಾಲದಲ್ಲಿ.

ಸೊಲ್ಲಾಪುರದ ಕಡೆಯಿಂದ ಹೊರಟು ಕೊಣ್ಣೂರು ಸೇತುವೆ, ನರಗುಂದ, ರೋಣ, ಗಜೇಂದ್ರಗಡ ಹಾದು ಹಂಪಿವರೆಗೆ ಕಾರ್ ರೇಸ್ ಎಂದು ಸುದ್ದಿಯಾಯಿತು. ಸಾಲಿ ಮಕ್ಕಳು, ಚಕ್ಕಡಿ, ಕುರಿ ಓಡಾಡುವ ದಾರಿಯಲ್ಲಿ ರೇಸ್ ಬೇಡವೆಂದು ನರಗುಂದದಲ್ಲಿ ರೈತರು ರಸ್ತೆಯ ಮೇಲೆ ಧರಣಿ ಕುಂತರು. ನಡೆಸುವವರು ಬ್ಯಾನರಿನ ಮೇಲೆ 'ಪರಂಪರೆ ಯಾತ್ರೆ' ಎಂದು ಬರೆಸಿ ಅನುಮತಿ ಗಿಟ್ಟಿಸಿಕೊಂಡರು. ಮಧ್ಯಾಹ್ನದ ಊಟ ಬಸವಪ್ರಸಾದನ ಹತ್ತಿ ಮಿಲ್ಲಿನ ಅಂಗಳದಲ್ಲಿ.

"ರೇಸ್ ಅಲ್ಲೇನ್ರಿ ಅದು?" ಎಂದು ಅನ್ನಪೂರ್ಣೇಶ್ವರಿ ಗಂಡನನ್ನು ಕೇಳಿದಳು.

"ಯಾತ್ರಾ ಅಂತ ಬರಸ್ಯಾರಲ್ಲ. ದೊಡ್ಡ ಮಂದಿ ಬರ್ತಾರ, ಊಟ ಚಲೋ ಆಗಬೇಕು. ನೀ ಅಷ್ಟ ನೋಡು."

ಆಕೆ ಅಷ್ಟೇ ನೋಡಿದಳು. ಶೇಂಗಾ ಹೋಳಿಗಿ, ಎಣ್ಣೆಗಾಯಿ, ಅಗಸಿ ಚಟ್ನಿ. ಕಡಕ್ ರೊಟ್ಟಿಗೆ ಜಕ್ಕಲಿಯ ನೀಲಾಗೆ ಹೇಳಿದ್ದಳು. ನೀಲಾ ಹೊಲದ ಕೂಲಿಯವಳು. ಮದುವೆ ಮುಂಜಿವೆಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಗಂಡ ಮುತ್ತಣ್ಣನ ಬೈಕಿನ ಮೇಲೆ ಬುಟ್ಟಿ ಕಟ್ಟಿಕೊಂಡು ತಾನೇ ತರುತ್ತೇನೆಂದಿದ್ದಳು.

ರೊಟ್ಟಿ ಬರುವ ಮೊದಲೇ ಕಾರುಗಳು ಬಂದವು. ಧೂಳು ಎಲೆಗಳ ಮೇಲೆಲ್ಲ ಕುಂತಿತು. ಇಳಿದವರು ಕೈ ತೊಳೆಯುತ್ತಲೇ ಯಾರದು ಎಷ್ಟು ವೇಗವೆಂದು ವಾದಕ್ಕಿಳಿದರು. ರೊಟ್ಟಿ ತಡವಾಯಿತೆಂದು ಅನ್ನಪೂರ್ಣೇಶ್ವರಿ ಹೋಳಿಗಿಯಿಂದಲೇ ಬಡಿಸತೊಡಗಿದಳು. ಹಳದಿ ಟೊಪ್ಪಿಗೆಯವನೊಬ್ಬ ಪಕ್ಕದವನಿಗೆ ಫೋನು ತೋರಿಸುತ್ತಿದ್ದ. ಅವನ ಕಾರಿನ ಹಿಂದಿನ ಕ್ಯಾಮೆರಾದಲ್ಲಿ ಹಿಡಿದ ವಿಡಿಯೋ.

"ನೋಡು, ರೊಟ್ಟಿ ಹೆಂಗೆ ಹಾರ್ತಾ ಇದಾವೆ."

"ನೀನು ನಿಲ್ಲಿಸಲಿಲ್ವಾ?"

"ನಿಲ್ಲಿಸಿದ್ರೆ ಟೈಮಿಂಗ್ ಹೋಗ್ತಿತ್ತು. ಹಿಂದಿನವರು ನೋಡ್ಕೋತಾರೆ ಅಂದ್ಕೊಂಡೆ."

"ಹಿಂದೆ ಇದ್ದಿದ್ದು ನಾನು. ನಾನೂ ಹಂಗೇ ಅಂದ್ಕೊಂಡೆ," ಎಂದ ಎದುರು ಸಾಲಿನವನು. ಮೂವರೂ ನಕ್ಕರು.

ಬಗ್ಗಿ ಬಡಿಸುತ್ತಿದ್ದವಳ ಕಣ್ಣು ಫೋನಿನ ಮೇಲೆ ಬಿತ್ತು. ಮಗ್ಗುಲಾಗಿ ಬಿದ್ದ ಬೈಕು, ಅದರಡಿ ಗಂಡಸಿನ ಕಾಲು. ಡಾಂಬರಿನ ಮೇಲೆ ಕುಂತ ನೀಲಾ ಒಂದು ಕೈಯನ್ನು ಇನ್ನೊಂದರಿಂದ ಹಿಡಿದುಕೊಂಡಿದ್ದಳು. ಸುತ್ತ ಚೂರಾದ ರೊಟ್ಟಿ.

ಅನ್ನಪೂರ್ಣೇಶ್ವರಿ ಹೋಳಿಗಿ ಬುಟ್ಟಿ ಕೆಳಗಿಟ್ಟು ಗಂಡನ ಹತ್ತಿರ ಹೋಗಿ ಹೇಳಿದಳು. ಅವನ ಮುಖ ಇಳಿಯಿತು. ಆದರೂ, "ಊಟಾ ಮುಗೀಲಿ, ಆಮ್ಯಾಲ ನೋಡೂಣು. ಎಲಿ ಮುಂದ ಕುಂತಾರ," ಎಂದ.

ಆಕೆ ತಿರುಗಿ ಬಂದಳು. "ನೀವು ಕೆಡವಿ ಬಂದ ರೊಟ್ಟಿ ನಿಮ್ಮ ಎಲಿಗೇ ಬರ್ತಿದ್ದುವು. ಆ ಹೆಣ್ಮಗಳ ಹೆಸರು ನೀಲಾ. ಏಳ್ರಿ, ದವಾಖಾನಿಗೆ ಹೋಗೂಣು."

ಹಳದಿ ಟೊಪ್ಪಿಗೆಯವನು ತಲೆ ಎತ್ತಿದ. "ಇನ್ಶೂರೆನ್ಸ್ ಇದೆ ಆಂಟಿ, ಟೆನ್ಷನ್ ತಗೋಬೇಡಿ." ಬೆರಳಿನ ತುಪ್ಪ ನೆಕ್ಕಿದ. "ಹೋಳಿಗೆ ಸೂಪರ್. ಇನ್ನೊಂಚೂರು ತುಪ್ಪ ಹಾಕ್ತೀರಾ?"

ಆಕೆ ಉಣ್ಣುತ್ತಿದ್ದವನ ಎಲೆಯನ್ನು ಅರ್ಧ ಹೋಳಿಗಿ ಸಮೇತ ಅವನ ಮುಂದಿನಿಂದಲೇ ಮಡಚಿ ಎತ್ತಿದಳು. ಮರುಗಳಿಗೆ ಯಾರೋ ಅನ್ನ ಕೇಳಿದರು, ಪಂಕ್ತಿ ಮುಂದುವರಿಯಿತು. ಪ್ಯಾಟಿಯ ವ್ಯಾಪಾರಿಗಳು ಹೊರಗೆ ಅವನ ಕಾರಿಗೇ ಒರಗಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಮಿಲ್ಲಿನ ಟೆಂಪೋ ಓಡಿಸುವ ಮೆಹಬೂಬಸುಭಾನಿಯನ್ನು ಕರೆದುಕೊಂಡು ಆಕೆ ಜಕ್ಕಲಿಗೆ ಹೋದಳು. ಅಷ್ಟರಲ್ಲಿ ಕಡಲೆ ಹೊಲದ ಆಳುಗಳು ಇಬ್ಬರನ್ನೂ ಟಂಟಂ ರಿಕ್ಷಾದಲ್ಲಿ ಹಾಕಿ ರೋಣಕ್ಕೆ ಕಳಿಸಿದ್ದರು. ಅಲ್ಲಿಯ ದವಾಖಾನಿಗೆ ಹೋಗಿ ನೋಡಿದರೆ ಮುತ್ತಣ್ಣನ ತೊಡೆಯ ಎಲುಬು ಮುರಿದಿತ್ತು, ನೀಲಾಳ ಮಣಿಕಟ್ಟು ಊದಿ ನೀಲಿಯಾಗಿತ್ತು.

"ಎಲ್ಲಾ ಮಣ್ಣ ಪಾಲಾದುವ್ರಿ ಅಕ್ಕಾರ," ಎಂದಳು ನೀಲಾ. "ಊಟಕ್ಕ ರೊಟ್ಟಿ ಏನ ಮಾಡಿದ್ರಿ? ಬಂದವ್ರು ಉಪಾಸ ಹೋಗಲಿಲ್ಲ ಹೌದಲ್ರಿ?"

ಅನ್ನಪೂರ್ಣೇಶ್ವರಿ ಹೊರಗೆ ಹೋಗಿ, ಬೇವಿನ ಗಿಡ ಹಿಡಿದುಕೊಂಡು ಕಾರಿಕೊಂಡಳು. ಬಾಯಿ ತೊಳೆದು ನೆಟ್ಟಗೆ ಪೊಲೀಸ್ ಠಾಣೆಗೆ ನಡೆದು ಫಿರ್ಯಾದಿ ಬರೆಸಿದಳು.

ಬಸವಪ್ರಸಾದ ವಾರಗಟ್ಟಲೆ ಮಾತು ಬಿಟ್ಟ. ಬಿಟ್ಟ ಮಾತು ಮತ್ತೆ ಶುರುವಾದದ್ದು, "ಮಂದ್ಯಾಗ ನನ್ನ ಮಾನ ಕಳದಿ," ಎಂಬುದರಿಂದ. "ಅವ್ರು ಉಂಡ ಹೋದ ಮ್ಯಾಲ ಏನ ಉಳದಿತ್ರಿ ಮಾನ?" ಎಂದು ಕೇಳಿ ಆಕೆ ಒಳಗೆ ಹೋದಳು. ಹಳದಿ ಟೊಪ್ಪಿಗೆಯವನಿಗೆ ಎರಡನೆಯ ಬಹುಮಾನ ಬಂತೆಂದು ಪೇಪರಿನಲ್ಲಿತ್ತು.

ಮುತ್ತಣ್ಣ ಈಗ ಕುಂಟುತ್ತಾನೆ. ನೀಲಾಳ ಮಣಿಕಟ್ಟು ರೊಟ್ಟಿ ಬಡಿಯುವಷ್ಟು ತಿರುಗುವುದಿಲ್ಲ. ಕೇಸು ರೋಣದ ಕೋರ್ಟಿನಲ್ಲಿದೆ. ಬೈಕಿನವನೇ ಅಡ್ಡ ಬಂದ, ಅದು ರೇಸೇ ಅಲ್ಲ ಎಂಬುದು ಕಾರಿನವರ ವಾದ, ವಿಡಿಯೋ ಅಳಿಸಿಹೋಗಿದೆಯಂತೆ. ಕಟಕಟೆಗೆ ಬಂದ ಅನ್ನಪೂರ್ಣೇಶ್ವರಿಯನ್ನು ಅವರ ವಕೀಲ ಕೇಳಿದ: "ಅಪಘಾತ ನಡೆದಾಗ ನೀವು ಅಲ್ಲಿ ಇದ್ದಿರೇನು?"

"ಇರಲಿಲ್ಲರಿ," ಎಂದಳು. "ಅವರ ಬಾಯಿಂದನ ಕೇಳೀನಿ. ನನ್ನ ಅಂಗಳದಾಗ ಕುಂತು, ಹೋಳಿಗಿ ತಿನಕೋತ, ನಕ್ಕೋತ ಹೇಳಿದ್ರು."

ನ್ಯಾಯಾಧೀಶರು ಅದನ್ನು ಬರೆಸಿಕೊಂಡು ಮುಂದಿನ ತಾರೀಖು ಕೊಟ್ಟರು. ಹೊರಗೆ ನೀಲಾ ಕಾಯುತ್ತಿದ್ದಳು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು.