ರಸ್ತೆ ಪಕ್ಕಕ್ಕೆ ಸರಿದ ಜಾಗ

ಹ್ಯೂಸ್ಟನ್ನಿನ ಆ ಕಚೇರಿಯಲ್ಲಿ ನಮ್ಮ ಕೆಲಸ ಹಳೆಯ ಕಾಗದದ ನಕಾಶೆಗಳನ್ನು ಕಂಪ್ಯೂಟರಿಗೆ ಏರಿಸುವುದು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಒಂದು ದಿನ ನನ್ನ ಮೇಜಿಗೆ ಅಯೋವಾ ರಾಜ್ಯದ ಹಳ್ಳಿಗಾಡಿನ ಕೌಂಟಿಯೊಂದರ ನಕಾಶೆಗಳ ಪೆಟ್ಟಿಗೆ ಬಂತು. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನಂಥದ್ದು. ಐವತ್ತರ ದಶಕದಲ್ಲಿ ಅಚ್ಚಾದ ಹಾಳೆಗಳು, ಮಡಿಕೆಗಳಲ್ಲಿ ಬಿರಿದಿದ್ದವು.

ಅಲ್ಲಿಯವರೆಗೆ ನಾನು ನೋಡಿದ್ದ ನಕಾಶೆಗಳಲ್ಲಿ ಜನ ಇರುತ್ತಿರಲಿಲ್ಲ. ಇವುಗಳಲ್ಲಿ ಒಂದೊಂದು ಹೊಲದ ಮೇಲೂ ಒಡೆಯರ ಹೆಸರಿತ್ತು. ಮನೆಯಿದ್ದಲ್ಲಿ ಕಪ್ಪು ಚುಕ್ಕೆ, ಶಾಲೆಯಿದ್ದಲ್ಲಿ ಪುಟ್ಟ ಬಾವುಟ. ಒಂದು ದೊಡ್ಡ ಹೊಲದ ಮೇಲೆ ಹೆಂಗಸಿನ ಹೆಸರು ಮಾತ್ರ ಇತ್ತು. ಅದರ ಸುತ್ತ ಅದೇ ಮನೆತನದ ಮೂರು ಸಣ್ಣ ಹೊಲಗಳು. ಮಕ್ಕಳಿಗೆ ಕೊಟ್ಟಿರಬೇಕು ಅಂದುಕೊಂಡೆ. ಊಟದ ಡಬ್ಬಿ ತೆರೆಯುವುದನ್ನೂ ಮರೆತು ಭೂತಗನ್ನಡಿ ಹಿಡಿದು ಕೂತುಬಿಡುತ್ತಿದ್ದೆ.

ರಸ್ತೆಗಳೋ, ಮೈಲಿಗೊಂದರಂತೆ ಅಡ್ಡ ಉದ್ದ ಎಳೆದ ನೇರ ಗೆರೆಗಳು. ಆದರೆ ಹಾಳೆಗಳನ್ನು ಒಂದಕ್ಕೊಂದು ಜೋಡಿಸುವಾಗ ತೊಡಕು ಬಂತು. ಒಂದು ಸಾಲಿನಲ್ಲಿ ಮೇಲಿನ ಹಾಳೆಯ ರಸ್ತೆ ಕೆಳಗಿನ ಹಾಳೆಯ ರಸ್ತೆಗೆ ಕೂಡುತ್ತಿರಲಿಲ್ಲ, ಸ್ವಲ್ಪ ಪಕ್ಕಕ್ಕೆ ಬೀಳುತ್ತಿತ್ತು. ಸ್ಕ್ಯಾನ್ ಮಾಡುವಾಗ ಹಾಳೆ ಜರುಗಿದೆ ಎಂದು ತೀರ್ಮಾನಿಸಿದೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಚಿತ್ರವನ್ನು ರಬ್ಬರಿನ ಹಾಗೆ ಎಳೆಯಬಹುದಿತ್ತು. ಎರಡು ವಾರ ಕೂತು ಆ ಸಾಲಿನ ರಸ್ತೆಗಳನ್ನೆಲ್ಲ ಎಳೆದು ನೇರ ಮಾಡಿದೆ. ಮಾಡಿ ಹೆಮ್ಮೆಪಟ್ಟೆ ಕೂಡ.

ಆಗ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನ ನಮ್ಮ ಮನೆಗೆ ಅಪ್ಪ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಮಂಡ್ಯದ ಕಡೆ ಸರ್ವೆಯರ್ ಆಗಿದ್ದವರು. ಸರಪಳಿ ಎಳೆಸಿ ಹೊಲ ಅಳೆಯುವುದರಲ್ಲೇ ನೌಕರಿ ಮುಗಿಸಿದವರು. ಒಂದು ಶನಿವಾರ ಮಧ್ಯಾಹ್ನ ಮೂಲ ನಕಾಶೆಯ ಪ್ರತಿಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದೆ. ಅಪ್ಪ ಕೈ ಒರೆಸಿಕೊಂಡು ಬಂದು ಕನ್ನಡಕ ಏರಿಸಿದರು. ಒಂದು ಸುತ್ತು ನೋಡಿದರು, ಇನ್ನೊಂದು ಸುತ್ತು ನೋಡಿದರು.

"ಇಲ್ಲಿ ದಾರಿ ಸರಿದಿದೆಯಲ್ಲ?"

"ಅದು ಸ್ಕ್ಯಾನ್ ತಪ್ಪು ಅಪ್ಪ. ನಾನು ಸರಿ ಮಾಡಿದೀನಿ."

"ಸ್ಕೇಲ್ ಕೊಡು."

ಅವರು ಒಂದೊಂದೇ ರಸ್ತೆ ಅಳೆದು ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತ ಹೋದರು. "ತಪ್ಪಾಗಿದ್ರೆ ಎಲ್ಲಾ ಕಡೆ ಒಂದೇ ಸಮ ಜರುಗಬೇಕಿತ್ತು. ಇದು ನೋಡು, ಪಶ್ಚಿಮಕ್ಕೆ ಹೋದ ಹಾಗೆ ಹೆಚ್ಚಾಗ್ತಾ ಹೋಗಿದೆ. ಅಳೆದವರು ಬೇಕು ಅಂತಲೇ ಮಾಡಿದಾರಮ್ಮ."

"ಯಾಕೆ ಮಾಡ್ತಾರೆ?"

ಅಪ್ಪ ಅಡುಗೆಮನೆಯಿಂದ ಕರಬೂಜದ ಹಣ್ಣು ತಂದು ನನ್ನ ಮುಂದೆ ಹಿಡಿದರು. "ಈ ಗೆರೆ ನೋಡು. ಹೊಟ್ಟೆ ಹತ್ರ ದೂರ ದೂರ. ತೊಟ್ಟಿನ ಕಡೆ ಬಂದ ಹಾಗೆ ಹತ್ರ ಆಗ್ತವೆ. ಉತ್ತರಕ್ಕೆ ನೇರವಾಗಿ ಗೆರೆ ಎಳೀತಾ ಹೋದ್ರೆ ಭೂಮಿ ಮೇಲೂ ಹಾಗೇ. ಚೌಕ ಕಿರಿದಾಗ್ತಾ ಬರುತ್ತೆ. ಅದಕ್ಕೆ ಒಂದಷ್ಟು ದೂರ ಹೋಗಿ, ನಿಂತು, ಮತ್ತೆ ಪೂರ್ತಿ ಅಗಲಕ್ಕೆ ಹೊಸದಾಗಿ ಅಳೆದು ಶುರು ಮಾಡಿದಾರೆ. ಅಲ್ಲೇ ದಾರಿ ಸರಿದಿರೋದು."

ಎರಡು ವಾರ ನಾನು ಎಳೆದೆಳೆದು ಅಳಿಸಿದ್ದು ಭೂಮಿ ದುಂಡಗಿದೆ ಎಂಬ ಸಂಗತಿಯನ್ನು! ಯಾವುದೋ ಕಾಲದಲ್ಲಿ ಆಳೆತ್ತರದ ಹುಲ್ಲಿನಲ್ಲಿ ಸರಪಳಿ ಹೊತ್ತು ನಡೆದವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಹವಾನಿಯಂತ್ರಿತ ಕೋಣೆಯಲ್ಲಿ ಕೂತ ನನಗೆ ಹೊಳೆದಿರಲಿಲ್ಲ. ಅಪ್ಪನಿಗೆ ಬೇರೆಯದೇ ಸಂಭ್ರಮ. "ಇವರ ಸರಪಳಿ ಅರವತ್ತಾರು ಅಡಿ ಇದ್ದಿರಬೇಕು. ನಮ್ಮದು ಮೂವತ್ತಮೂರು. ಸರಿಯಾಗಿ ಅರ್ಧ!" ಎಂದು ಊಟದ ಹೊತ್ತಿನಲ್ಲೂ ಹೇಳುತ್ತಿದ್ದರು.

ಸೋಮವಾರ ಮ್ಯಾನೇಜರ್ ಎದುರು ಎಲ್ಲ ಒಪ್ಪಿಕೊಂಡೆ. ಅವರು ಆ ಕೌಂಟಿಯ ರಸ್ತೆ ಕಚೇರಿಗೆ ಫೋನ್ ಮಾಡಿದರು. ತಿರುವುಗಳು ಇವತ್ತಿಗೂ ಹಾಗೇ ಇವೆ ಎಂದು ಆ ಕಡೆಯವರು ನಕ್ಕರಂತೆ. "ನಿಮ್ಮ ತಂದೆಗೆ ಥ್ಯಾಂಕ್ಸ್ ಹೇಳಿ. ಇಲ್ಲದಿದ್ದರೆ ಅರ್ಧ ಊರಿನ ಮನೆಗಳನ್ನು ಪಕ್ಕದವರ ಹೊಲದಲ್ಲಿ ಕೂರಿಸುತ್ತಿದ್ದೆವು" ಎಂದರು ಮ್ಯಾನೇಜರ್. ಮಾಡಿದ್ದನ್ನೆಲ್ಲ ಬಿಚ್ಚಿ, ಮೊದಲಿನಿಂದ ಮಾಡಿದೆ.

ಆ ಬೇಸಿಗೆಯಲ್ಲಿ ಅಪ್ಪ ಒಂದೇ ಒಂದು ಕೇಳಿದರು. ನಾಸಾ ನೋಡಿಯಾಗಿತ್ತು, ಆಸ್ಟಿನ್ ನೋಡಿಯಾಗಿತ್ತು. "ಆ ಜಾಗ ನೋಡಬಹುದಾ?" ಎಂದರು. ನನ್ನ ಗಂಡ ರಜೆ ಹಾಕಿದರು. ಮೊದಲ ರಾತ್ರಿ ದಾರಿಯಲ್ಲಿ ಸಿಗುವ ಕ್ಯಾರಲ್ಟನ್ನಿನ ಸ್ನೇಹಿತರ ಮನೆಯಲ್ಲಿ ತಂಗಿ, ಅವರು ಕಟ್ಟಿಕೊಟ್ಟ ಪುಳಿಯೋಗರೆ ಹಿಡಿದುಕೊಂಡು ಮರುದಿನವಿಡೀ ಉತ್ತರಕ್ಕೆ ಹೋದೆವು.

ಮೂರನೆಯ ದಿನ ಬೆಳಿಗ್ಗೆ, ಎರಡೂ ಬದಿ ಮುಸುಕಿನ ಜೋಳದ ನಡುವೆ, ಬಾಣದ ಹಾಗೆ ಹೋಗುತ್ತಿದ್ದ ಮಣ್ಣಿನ ರಸ್ತೆ ಇದ್ದಕ್ಕಿದ್ದಂತೆ ಮುಗಿಯಿತು. ಎಡಕ್ಕೆ ತಿರುಗಿ ಒಂದಿಷ್ಟು ದೂರ ಹೋಗಿ ಮತ್ತೆ ಉತ್ತರಕ್ಕೆ ಹೊರಟಿತ್ತು. ಅಪ್ಪ ಕಾರಿನಿಂದಿಳಿದು ಒಂದು ತಿರುವಿನಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸುತ್ತ ನಡೆದರು. ವಾಪಸ್ಸು ಬಂದಾಗ ಕಣ್ಣು ತುಂಬಿತ್ತು.

"ಭೂಮಿ ದುಂಡಗಿದೆ ಅಂತ ಮೇಷ್ಟ್ರು ಹೇಳಿದ್ರು, ನಂಬಿದ್ದೆ" ಎಂದರು. "ನಡೆದು ನೋಡಿದ್ದು ಇವತ್ತೇ."

ಅಷ್ಟರಲ್ಲಿ ಪಿಕಪ್ ಟ್ರಕ್ಕೊಂದು ಬಂದು ನಿಂತಿತು. ಟೋಪಿ ಹಾಕಿದ್ದ ವಯಸ್ಸಾದ ರೈತ, ದಾರಿ ತಪ್ಪಿತೇ ಎಂದು ಕೇಳಿದ. ಇಲ್ಲ, ಈ ತಿರುವನ್ನು ನೋಡಲೆಂದೇ ಟೆಕ್ಸಾಸಿನಿಂದ ಬಂದೆವು ಎಂದೆ. ಅವನು ನಂಬಲಿಲ್ಲ. "ಹೊರಗಿನವರು ತಿರುಗಿಸೋದು ಮರೆತು ನನ್ನ ಜೋಳದೊಳಗೆ ನುಗ್ಗುತ್ತಾರೆ. ನೋಡೋಕೆ ಬಂದವರು ನೀವೇ ಮೊದಲು."

ನಕಾಶೆಯ ಪ್ರತಿಯನ್ನು ಟ್ರಕ್ಕಿನ ಬಾನೆಟ್ ಮೇಲೆ ಹರಡಿದೆ. ಅವನ ದಪ್ಪ ಬೆರಳು ಹೊಲದಿಂದ ಹೊಲಕ್ಕೆ ಹೋಗಿ, ಆ ಹೆಂಗಸಿನ ಹೆಸರಿನ ದೊಡ್ಡ ಹೊಲ ದಾಟಿ, ಪಕ್ಕದ ಸಣ್ಣ ಹೊಲವೊಂದರಲ್ಲಿ ನಿಂತಿತು.

"ಇದು ನಮ್ಮಪ್ಪ" ಎಂದ. ಆಮೇಲೆ ಬೆರಳನ್ನು ಹಿಂದಕ್ಕೆ ತಂದು ದೊಡ್ಡ ಹೊಲದ ಮೇಲಿಟ್ಟ. "ಇದು ಅಜ್ಜಿ. ಗಂಡ ಸತ್ತ ಮೇಲೆ ಮೂವರು ಗಂಡುಮಕ್ಕಳನ್ನು ಒಬ್ಬಳೇ ಸಾಕಿದವಳು."

ಮೇಜಿನ ಮುಂದೆ ಕೂತು ನಾನು ಊಹಿಸಿಕೊಂಡಿದ್ದ ಹೆಂಗಸಿನ ಮೊಮ್ಮಗ ಬಿಸಿಲಲ್ಲಿ ಎದುರು ನಿಂತಿದ್ದ. ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಅವನ ಕೈ ಹಿಡಿದುಕೊಂಡರು.

ಅವನು ಹಾಳೆಯಿಂದ ಕಣ್ಣು ಕೀಳದೆ, "ಇದನ್ನು ನನಗೆ ಕೊಡ್ತೀರಾ? ನಮ್ಮಮ್ಮ ಇನ್ನೂ ಇದ್ದಾಳೆ. ತೋರಿಸಬೇಕು" ಎಂದ.

ಕೊಟ್ಟೆ. ಅಪ್ಪನ ಪೆನ್ಸಿಲ್ ಗುರುತುಗಳು ಅದರ ಅಂಚಿನಲ್ಲಿ ಹಾಗೇ ಇದ್ದವು.