ಹೊಗೆ ಹಿಡಿದ ಅಂಗಡಿಯಲ್ಲಿ ನನ್ನ ಮಗಳು

ಹಿಂದಿನ ಜನ್ಮದ ನೆನಪು ಅಂತ ಯಾರಾದರೂ ಶುರುಮಾಡಿದರೆ ಮೂಗು ಮುರಿಯುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ನಾವಿರುವ ಈ ಗಲ್ಫ್ ದೇಶದಲ್ಲಿ, ಫರ್ವಾನಿಯಾದ ಆ ಬೀದಿಯ ಕಡೆ ಕಾರು ತಿರುಗಿದರೆ ಸಾಕು, ಮಗಳ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ.

ಅಲ್ಲಿನ ಅಂಗಡಿಗಳೆಲ್ಲ ಇಥಿಯೋಪಿಯಾದವರದು. ಶುಕ್ರವಾರ ಬಂತೆಂದರೆ ರಜೆ ಸಿಕ್ಕ ಮನೆಗೆಲಸದ ಹೆಂಗಸರಿಂದ ಬೀದಿ ಗಿಜಿಗುಡುತ್ತದೆ. ನನ್ನ ಗಂಡನಿಗೆ ಆಗತಾನೇ ಹುರಿದ ಕಾಫಿಬೀಜದ ಹುಚ್ಚು. ಮಗಳಿಗೆ ಮೂರು ವರ್ಷವಿದ್ದಾಗ ಒಂದು ಶುಕ್ರವಾರ ಸಂಜೆ ರಿಗ್ಗೈಯ ನಮ್ಮ ಮನೆಯಿಂದ ಅಲ್ಲಿಗೆ ಹೋದೆವು. ಅವರು ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ನಾನು ಮಗುವನ್ನೆತ್ತಿಕೊಂಡು ಒಂದು ಕಾಫಿ ಅಂಗಡಿಯೊಳಗೆ ಹೋಗಿ ಬಾಗಿಲ ಬಳಿಯೇ ಕೂತೆ.

ಅಂಗಡಿಯ ಹೆಂಗಸು ಬೀಜ ಹುರಿದು, ಹೊಗೆಯಾಡುವ ಬಾಣಲೆಯನ್ನು ಮೊದಲು ನಮ್ಮ ಮುಂದೆಯೇ ಹಿಡಿದಳು. ನಾನು ಪೆಚ್ಚಾಗಿ ನೋಡಿದೆ. ಮಗಳು ಮಾತ್ರ, ನಾವು ಮಂಗಳಾರತಿ ತೆಗೆದುಕೊಳ್ಳುವ ಹಾಗೆ, ಅಂಗೈಯಿಂದ ಹೊಗೆಯನ್ನು ಮುಖದತ್ತ ಎಳೆದುಕೊಂಡಳು. ಇಥಿಯೋಪಿಯಾದವರ ಪದ್ಧತಿಯೇ ಅದಂತೆ, ನನಗೆ ಗೊತ್ತಾಗಿದ್ದು ಎಷ್ಟೋ ದಿನಗಳ ಮೇಲೆ. ಹೊಗೆ ತೆಗೆದುಕೊಂಡ ಮಗಳು ಆ ಹೆಂಗಸಿಗೆ ಏನೋ ಹೇಳಿದಳು. ಕನ್ನಡವಲ್ಲ, ಇಂಗ್ಲಿಷೂ ಅಲ್ಲ.

ಹೆಂಗಸು ಬಾಣಲೆ ಕೆಳಗಿಟ್ಟು, ಇಲ್ಲಿ ಮನೆಯೊಡತಿಯರನ್ನು ಕರೆಯುವಂತೆ ನನ್ನನ್ನು 'ಮಾಮಾ' ಎಂದು ಕರೆದು, ಇವಳಿಗೆ ನಮ್ಮ ಭಾಷೆ ಕಲಿಸಿದ್ದು ಯಾರು ಎಂದು ಮುರುಕು ಹಿಂದಿಯಲ್ಲಿ ಕೇಳಿದಳು. "ಮಾಮಾ, ಇಸ್ಕೋ ಹಮಾರಾ ಭಾಷಾ ಕೌನ್ ಸಿಖಾಯಾ?"

"ಕೋಯಿ ನಹೀ. ಕ್ಯಾ ಬೋಲಾ?" ಯಾರೂ ಕಲಿಸಿಲ್ಲ, ಏನಂದಳು ಎಂದೆ.

"ಭಾಯಿ ಕಿಧರ್ ಗಯಾ, ಬೋಲ್ತಾ."

ಅಣ್ಣ ಎಲ್ಲಿ ಹೋದ ಎಂದು ಮಗಳು ಕೇಳಿದಳಂತೆ. ನನಗಿರುವುದು ಇವಳೊಬ್ಬಳೇ. ಹೆಂಗಸು ಶಾಲಿನಿಂದ ಕಣ್ಣೊರೆಸಿಕೊಂಡಳು. "ಮುಲ್ಕ್ ಮೇ ಮೇರಾ ಭೀ ಲಡ್ಕೀ ಥಾ. ಖಲಾಸ್." ಊರಲ್ಲಿದ್ದ ಮಗಳು ತೀರಿಕೊಂಡಿದ್ದಳು ಎಂದು ನನಗೆ ಅರ್ಥವಾಯಿತು. ಆ ಹೆಂಗಸು ನನ್ನ ಮಗುವನ್ನು ಎತ್ತಿಕೊಳ್ಳಲು ಕೈಚಾಚಿದಳು. ಮಗಳೂ ಅತ್ತ ಬಾಗಿದಳು.

ಇದೆಲ್ಲ ನಾಟಕ, ನನ್ನ ಮಗುವನ್ನು ಲಪಟಾಯಿಸುವ ಹುನ್ನಾರ ಎಂದೇ ಅನಿಸಿತು. ಮಗಳನ್ನು ಅವುಚಿಕೊಂಡು ಹೊರಗೆ ಓಡಿದೆ.

"ಯೂಟ್ಯೂಬಲ್ಲಿ ಎಲ್ಲೋ ನೋಡಿರ್ತಾಳೆ, ಬಿಡೇ" ಎಂದರು ನನ್ನವರು. ನಾನು ಬಿಡಲಿಲ್ಲ. ಟ್ಯಾಬ್ ಜಾಲಾಡಿದೆ. ನಾನು ಆಫೀಸಿಗೆ ಹೋದಾಗ ಮಗುವನ್ನು ನೋಡಿಕೊಳ್ಳುತ್ತಿದ್ದ ಉಡುಪಿಯ ಆಂಟಿಯನ್ನು ಪೊಲೀಸರ ಹಾಗೆ ವಿಚಾರಿಸಿದೆ. ಅವರು ಬೇಜಾರು ಮಾಡಿಕೊಂಡರೇ ಹೊರತು ಏನೂ ಸಿಗಲಿಲ್ಲ. ಈಗ ಎರಡನೇ ಕ್ಲಾಸಿನಲ್ಲಿರುವ ಮಗಳನ್ನು ಕೇಳಿದರೆ "ಐ ಡೋಂಟ್ ರಿಮೆಂಬರ್, ಅಮ್ಮಾ" ಎನ್ನುತ್ತಾಳೆ.

ಆ ಹೆಂಗಸೇ ಕಥೆ ಕಟ್ಟಿದಳು ಎಂದುಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಆದರೆ ಒಂದು ವಿಷಯವನ್ನು ನನ್ನವರಿಗೂ ಹೇಳಿಲ್ಲ. ಮಗುವನ್ನು ಕಂಡವರೆಲ್ಲ ಮೊದಲು ಹೆಸರು ಕೇಳುತ್ತಾರೆ, ಅವಳು ಕೇಳಲಿಲ್ಲ. ನಾನು ಓಡುವಾಗ ಬಾಗಿಲಿಗೆ ಬಂದು, ನಾನೆಂದೂ ಕೇಳಿರದ ಒಂದು ಹೆಸರು ಹಿಡಿದು ಕೂಗಿದಳು. ನನ್ನ ಹೆಗಲ ಮೇಲೆ ಅಳುತ್ತಿದ್ದ ಮಗಳು ಅಳು ನಿಲ್ಲಿಸಿ ಓಗೊಟ್ಟಳು.